ಫೋಟೋದಲ್ಲಿಲ್ಲದ ದಸ್ತಗೀರ್

ಗದಗಿನ ದಸ್ತಗೀರನಿಗೆ ಟೂರ್ ಕಂಪನಿಯಿಂದ ಹನ್ನೊಂದು ಭಾನುವಾರಗಳ ಕೂಲಿ ಇನ್ನೂ ಬರಬೇಕು. ಐರ್ಲೆಂಡಿನ ಮೇನೂತ್ ಊರಿನಿಂದ ವ್ಯಾನು ತುಂಬ ನಮ್ಮ ಇಂಜಿನಿಯರುಗಳನ್ನು ತುಂಬಿಕೊಂಡು ಹೋಗಿ ವಿಕ್ಲೋ ಬೆಟ್ಟಗಳ ನೆತ್ತಿಗೆ ಹತ್ತಿಸುವುದು ಅವನ ಕೆಲಸ. "ಇನ್ನೆಷ್ಟು ದೂರ ಭಾಯ್?" ಎಂದವರಿಗೆ ಹತ್ತುವ ಮೂರು ಗಂಟೆಯೂ ಒಂದೇ ಉತ್ತರ: "ಇಲ್ಲೇ ಐತ್ರಿ, ಹತ್ತ್ ನಿಮಿಷ." ಕೆಸರಿನಲ್ಲಿ ಹೂತ ಬೂಟನ್ನು ಕಿತ್ತು ಕೊಡುವವನು ಅವನೇ, ಹದಿನಾರು ಜನರ ಚಿತ್ರಾನ್ನ ಬೆನ್ನ ಮೇಲೆ ಹೊರುವವನೂ ಅವನೇ. ತುದಿ ಮುಟ್ಟಿ, ಕೆಳಗೆ ಕಣಿವೆಯೂ ಎರಡು ಸರೋವರಗಳೂ ಕಂಡ ಕೂಡಲೇ ಎಲ್ಲರ ಫೋನುಗಳೂ ಅವನ ಕೈಗೆ ಬರುತ್ತವೆ. "ಹೊಟ್ಟಿ ಒಳಗ ಎಳ್ಕೊಳ್ರಿ ಶ್ರೀಕಂಠ ಸಾರ್, ಬೆಟ್ಟ ಕಾಣವಲ್ದು!" ಎಂದು ನಗಿಸಿ ಕ್ಲಿಕ್ಕಿಸುತ್ತಾನೆ. "ನೀನೂ ಬಾರಯ್ಯ" ಎಂದು ಒಬ್ಬರೂ ಕರೆದದ್ದಿಲ್ಲ. ಈಗ ಕೂಲಿ ಕೇಳಿದರೆ ಮ್ಯಾನೇಜರು ಅವೇ ಫೋಟೋಗಳನ್ನು ಮುಂದಿಡುತ್ತಾನೆ: "ಫೋಟೋ ಎಲ್ಲಾ ಗ್ರ್ಯಾಂಡ್ ಆಗಿದಾವೆ, ನೀನೆಲ್ಲಿದೀಯ? ವ್ಯಾನಲ್ಲಿ ಮಲ್ಗಿದ್ದೆ ತಾನೇ?" ಬೆಟ್ಟದ ತುದಿಯನ್ನು ಡಿಪಿಗೆ ಹಾಕಿಕೊಂಡವರೇ, ಬಿಸಿಲಿದ್ದ ದಿನದ ಫೋಟೋದಲ್ಲಿ ನಿಮ್ಮ ಕಾಲ ಬಳಿ ಮೊಣಕೈ ಎತ್ತಿದ ನೆರಳೊಂದು ಬಿದ್ದಿದೆ. ಅದೇ ದಸ್ತಗೀರ್. ಫೋನು ತೆಗೆಯಿರಿ, ಆ ನೆರಳನ್ನು ಹುಡುಕಿ, ಇವತ್ತೇ ಕಂಪನಿಗೆ ಕಳಿಸಿ.