ಕೇಳಿದ್ದು ಎರಡು, ಕಳಿಸಿದ್ದು ಹತ್ತು

ಲೈಲ್ ನೊವಾಕ್ ನಮ್ಮ ಟೊಲೀಡೊ ಊರಿನ ರೆಕಾರ್ಡ್ ಗೋದಾಮಿನಲ್ಲಿ ಒಂಬತ್ತು ವರ್ಷ ಪೆಟ್ಟಿಗೆ ಹೊತ್ತವನು. ಮೂರು ರಾಜ್ಯಗಳ ಅಂಗಡಿಗಳಿಗೆ ಹಾಡು ಹೋಗುತ್ತಿದ್ದದ್ದು ಅವನ ಬೆನ್ನ ಮೇಲೆಯೇ. ಶನಿವಾರ ಸಂಜೆ ಮಾತ್ರ ಬೌಲಿಂಗ್ ಆಟದ ಮನೆಯ ಪಕ್ಕದ ಬಾರಿನಲ್ಲಿ 'ದಿ ಫ್ರಂಟ್ ಸೀಟ್ಸ್' ಎಂಬ ನಾಲ್ವರ ತಂಡ ಕಟ್ಟಿಕೊಂಡು ಹಾಡುತ್ತಿದ್ದ. ಪವರ್ ಪಾಪ್ ಅಂತ ಅದಕ್ಕೆ ಹೆಸರು. ಗಿಟಾರು ಕಿವಿ ಕಿತ್ತುಹೋಗುವಷ್ಟು ಜೋರು, ರಾಗ ಮಾತ್ರ ಸಕ್ಕರೆ, ಹಾಡು ಮೂರೇ ನಿಮಿಷ. ಇವನಿಗೆ ವಯಸ್ಸು ಮೂವತ್ತೊಂದು. ಹಾಡಿನ ತುಂಬ ಹದಿನಾರರ ಹುಡುಗಿ ಫೋನ್ ಎತ್ತಲಿಲ್ಲ ಎಂಬ ಗೋಳು.

"ಲೋ, ಅವಳಿಗೆ ಈಗ ಎರಡು ಮಕ್ಕಳಾಗಿರ್ಬೇಕು ಕಣೋ. ಪಾಪ, ಬಿಟ್ಬಿಡೋ," ಅಂತ ನಾನು ರೇಗಿಸುತ್ತಿದ್ದೆ. ನಾನು ಅಲ್ಲಿ ಪ್ಯಾಕಿಂಗ್ ಮೇಜಿನವಳು.

"ಎತ್ತೋವರ್ಗೂ ಬಿಡಲ್ಲ ಇರ್ಮಾ," ಅನ್ನುತ್ತಿದ್ದ.

ಎಪ್ಪತ್ತೊಂಬತ್ತರಲ್ಲಿ ಕ್ಯಾಲಿಫೋರ್ನಿಯಾದ ಕಂಪನಿಯೊಂದು ಅವರ ಆಲ್ಬಮ್ ಮಾಡಿತು. ಹೆಸರು 'ಸಂಡೇ ಶರ್ಟ್'. ಇದು ಓಡಿದರೆ ಇನ್ನೊಂದು, ಓಡದಿದ್ದರೆ ಇಲ್ಲ ಎಂಬುದು ಮಾತು. ಆ ಇನ್ನೊಂದಕ್ಕೆ ಬೇಕಾದ ಹನ್ನೊಂದು ಹಾಡುಗಳನ್ನು ಲೈಲ್ ಆಗಲೇ ಬರೆದಿಟ್ಟುಕೊಂಡಿದ್ದ. ಅವನ ಜೀವವೆಲ್ಲ ಅದರಲ್ಲೇ ಇತ್ತು. ಕೆಲಸ ಬಿಟ್ಟ ದಿನ ಕೇಕ್ ತರಿಸಿ ಕಳಿಸಿಕೊಟ್ಟೆವು.

ಶಿಕಾಗೋದ ಪತ್ರಿಕೆಯೊಂದು ಎಂಟು ಸಾಲು ಹೊಗಳಿತು. ಅದನ್ನು ಕತ್ತರಿಸಿ ಊಟದ ಕೋಣೆಯ ಗೋಡೆಗೆ ಅಂಟಿಸಿದೆ. ರೇಡಿಯೋದವರು ಮಾತ್ರ, ರಾಕ್ ಅನ್ನೋಕೆ ಸಿಹಿ ಜಾಸ್ತಿ, ಪಾಪ್ ಅನ್ನೋಕೆ ಸದ್ದು ಜಾಸ್ತಿ ಅಂತ ಮೂಗು ಮುರಿದರು. ಅಂಗಡಿಗಳಿಂದ ಚೀಟಿ ಬರತೊಡಗಿತು: ಎರಡು ಕಳಿಸಿ, ಎರಡು ಕಳಿಸಿ. ನೋಡಿ ನೋಡಿ ನನಗೆ ರೇಗಿತು. ನಮ್ಮ ಹುಡುಗನಿಗೆ ಬರೀ ಎರಡೇ? ನಾನು ಚೀಟಿ ತಿದ್ದಿ ಹತ್ತು ತುಂಬಿದೆ. ನಮ್ಮ ವ್ಯಾಪಾರದಲ್ಲಿ ಮಾರಾಟವಾಗದ್ದನ್ನು ಅಂಗಡಿಯವರು ವಾಪಸ್ ಮಾಡಬಹುದು, ಹಾಗಾಗಿ ಯಾರೂ ಜಗಳಕ್ಕೆ ಬರಲಿಲ್ಲ. ಕಣ್ಣೆದುರು ರಾಶಿ ಬಿದ್ದಿದ್ದರೆ ಯಾರಾದರೂ ಎತ್ತಿಕೊಂಡಾರು ಎಂಬುದು ನನ್ನ ಬುದ್ಧಿವಂತಿಕೆ. ಮೂರು ತಿಂಗಳು ಹೀಗೇ ಮಾಡಿದೆ.

ಗೋದಾಮಿನಿಂದ ಹೊರಟಿದ್ದೆಲ್ಲ ಕಂಪನಿಯ ಲೆಕ್ಕದಲ್ಲಿ ಮಾರಿದ್ದು. ಅವರು ಹಿಗ್ಗಿ ಇನ್ನೂ ಹತ್ತು ಸಾವಿರ ರೆಕಾರ್ಡು ಅಚ್ಚು ಹಾಕಿಸಿದರು. ಎರಡನೆಯದಕ್ಕೆ ತಯಾರಾಗು ಅಂದರಂತೆ. ಲೈಲ್ ನನಗೆ ಫೋನ್ ಮಾಡಿ ನಕ್ಕೇ ನಕ್ಕ. ಆ ಶುಕ್ರವಾರ ಹುರಿದ ಮೀನಿನ ಜೊತೆ ನಾನು ಎರಡು ಬಿಯರ್ ಕುಡಿದೆ, ಹಾಡೆಲ್ಲ ನಾನೇ ಬರೆದವಳ ಹಾಗೆ.

ಕ್ರಿಸ್‌ಮಸ್ ಕಳೆದ ಮೇಲೆ ಲಾರಿಗಳು ವಾಪಸ್ ಬಂದವು. ಎಷ್ಟೋ ಪೆಟ್ಟಿಗೆಗಳನ್ನು ಬಿಚ್ಚಿಯೇ ಇರಲಿಲ್ಲ, ನಾನು ಅಂಟಿಸಿದ ಟೇಪು ಹಾಗೇ ಇತ್ತು. ಇಷ್ಟು ಮಾಲು ಮೈಮೇಲೆ ಬಿದ್ದ ಕಂಪನಿ ಎರಡನೆಯ ಆಲ್ಬಮ್ಮಿನ ಮಾತು ಅಲ್ಲಿಗೇ ನಿಲ್ಲಿಸಿತು. ಎರಡೆರಡೇ ಹೋಗಿದ್ದರೆ ಅವರು ಕಾದು ನೋಡುತ್ತಿದ್ದರೇನೋ. ನನ್ನ ಅಕ್ಕರೆ ಅವನ ಕುತ್ತಿಗೆಗೆ ಬಂದಿತ್ತು. ಫೆಬ್ರವರಿಯಲ್ಲಿ ಲೈಲ್ ಮತ್ತೆ ಅದೇ ಕೆಲಸಕ್ಕೆ ಸೇರಿದ. ನನಗೆ ಅವನ ಮುಖ ನೋಡಲಾಗುತ್ತಿರಲಿಲ್ಲ.

ಮಾರ್ಚಿನಲ್ಲಿ ಆಜ್ಞೆ ಬಂತು: 'ಸಂಡೇ ಶರ್ಟ್' ಕತ್ತರಿಸಿ. ಕಂಪನಿ ಕೈಬಿಟ್ಟ ರೆಕಾರ್ಡುಗಳ ಹೊದಿಕೆಯ ಮೂಲೆಯನ್ನು ಗರಗಸಕ್ಕೆ ಕೊಟ್ಟು ಕಚ್ಚು ಹಾಕುತ್ತೇವೆ, ಪೆಟ್ಟಿಗೆ ಸಮೇತ. ಆಮೇಲೆ ಅವು ಅಂಗಡಿ ಬಾಗಿಲಲ್ಲಿಡುವ ಒಂದು ಡಾಲರಿನ ಅಗ್ಗದ ಮಾಲಿನ ತೊಟ್ಟಿಗೆ. ಕಚ್ಚು ಬಿದ್ದ ಆಲ್ಬಮ್ ಮತ್ತೆ ಅಂಗಡಿಯ ಸಾಲಿಗೆ ಬರುವುದಿಲ್ಲ.

"ಲೈಲ್, ನೀನು ಆಚೆ ಲಾರಿ ನೋಡ್ಕೋ," ಅಂದ ಮೇಸ್ತ್ರಿ ಸ್ಟಾನ್, ನೆಲ ನೋಡುತ್ತ.

"ಬೇಡ ಸ್ಟಾನ್. ಇರ್ಮಾಗೆ ಅಷ್ಟು ಭಾರ ಎತ್ತಕ್ಕಾಗಲ್ಲ. ನಾನೇ ಎತ್ತಿಕೊಡ್ತೀನಿ."

ಸ್ಟಾನ್ ಹೋದ. ಇವತ್ತು ಹೇಳಿಯೇಬಿಡುವುದು ಅಂತ ನಾನು ಗಟ್ಟಿ ಮಾಡಿಕೊಂಡೆ. ಬೈಯಲಿ, ಮುಖಕ್ಕೆ ಉಗಿಯಲಿ.

"ಲೈಲ್, ಒಂದು ವಿಷ್ಯ ಹೇಳ್ಬೇಕಿತ್ತು..."

"ಸಮಾಧಾನ ಗಿಮಾಧಾನ ಬೇಡ ಇರ್ಮಾ, ನಾನು ಚೆನ್ನಾಗೇ ಇದೀನಿ." ಮೊದಲ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ರೇಡಿಯೋದವ್ರು ಹಾಕ್ಲಿಲ್ಲ, ಹಾಳಾಗ್ ಹೋಗ್ಲಿ. ಆದ್ರೆ ಆ ಮೂರು ತಿಂಗ್ಳ ಲೆಕ್ಕ ನೋಡು, ಲೈಮಾದಲ್ಲಿ ಹತ್ತು, ಫಿಂಡ್ಲೇಲಿ ಹತ್ತು. ಹಳ್ಳಿ ಅಂಗಡಿನೂ ಹತ್ತು ಕೇಳಿತ್ತು! ಹಾಡು ಇಷ್ಟ ಆಗ್ದೆ ಕೇಳ್ತಾರಾ? ಅದನ್ನ ನೆನೆಸ್ಕೊಂಡ್ರೆ ರಾತ್ರಿ ನಿದ್ದೆ ಬರುತ್ತೆ ನಂಗೆ. ಏನೋ ಹೇಳ್ಬೇಕು ಅಂದ್ಯಲ್ಲ, ಏನು?"

"ಏನಿಲ್ಲ ಕಣೋ," ಅಂದೆ. "ಪೆಟ್ಟಿಗೆ ನೆಟ್ಟಗೆ ಹಿಡ್ಕೋ."

ಗರಗಸದ ಗುಂಡಿ ಒತ್ತಿದೆ.