ಬೀರೂರು ದಾಟಿದ ಮೇಲೆ

ಅಕ್ಕ ಕಂಪ್ಯೂಟರಿಗೂ ಜ್ವರ ನೋಡುತ್ತಿದ್ದರು. ಬಳೆಗಳನ್ನು ಮೊಣಕೈ ಕಡೆ ಸರಿಸಿ, ಮಗುವಿನ ಹಣೆ ಮುಟ್ಟುವ ಹಾಗೆ ಅಂಗೈಯ ಹಿಂಬದಿಯನ್ನು ಪೆಟ್ಟಿಗೆಗೆ ತಾಗಿಸಿ, ಒಂದು ಕ್ಷಣ ಕಣ್ಣು ಮುಚ್ಚಿ, "ಪರ್ವಾಗಿಲ್ಲ, ನಡೀಲಿ" ಎನ್ನುವರು. ಆಮೇಲೆಯೇ ಬೆಳಗಿನ ಕಾಫಿ.

ತರೀಕೆರೆಯಲ್ಲಿ ಮನೆ ಪ್ಲ್ಯಾನ್ ಬರೆದುಕೊಡುವ ಇಂಜಿನಿಯರ್ ಅವರು. ಊರಿಗೆಲ್ಲ ಇಂಜಿನಿಯರಮ್ಮ; ಸಂಬಂಧವೇನೂ ಇಲ್ಲದಿದ್ದರೂ ನನಗೆ ಅಕ್ಕ. ಕಾಲೇಜು ಮುಗಿಸಿ ತ್ರೀಡಿ ಕೆಲಸ ಕಲಿಯಲು ಕಡೂರಿನಿಂದ ದಿನಾ ಬಸ್ಸಿನಲ್ಲಿ ಅವರ ಆಫೀಸಿಗೆ ಹೋಗುತ್ತಿದ್ದೆ. ಕಾಗದದ ಮೇಲಿನ ಗೆರೆಗಳನ್ನು ಕಂಪ್ಯೂಟರಿನಲ್ಲಿ ಮನೆಯಾಗಿ ಎಬ್ಬಿಸಿ, ಬಿಸಿಲು ನೆರಳು ಕೊಟ್ಟು, ಫೋಟೊದಂಥ ಚಿತ್ರ ತೆಗೆಯುವ ಕೆಲಸ. ಕೊನೆಯ ಹಂತಕ್ಕೆ ರೆಂಡರ್ ಎನ್ನುತ್ತಾರೆ. ಯಂತ್ರದ ಬೆವರು ಇಳಿಯುವುದು ಅಲ್ಲೇ.

ಆಗ ನನ್ನ ಆಸ್ತಿಯೆಂದರೆ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು ಮತ್ತು ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವ ಚಾಳಿ. ಸ್ವಂತವಾಗಿ ಕೆಲಸ ಶುರುಮಾಡಲು ಒಂದು ಯಂತ್ರ ಕೊಡಿಸುವುದಾಗಿ ಮನೆಯಲ್ಲಿ ಒಪ್ಪಿದ್ದರು. ಒಂದೇ ಒಂದು. ಆಯ್ಕೆ ತಪ್ಪಿದರೆ ಎರಡನೆಯದಿಲ್ಲ. ಸೋದರಮಾವನ ಅಂಗಡಿಯ ಬಿಲ್ಲಿಂಗ್ ಕೌಂಟರ್ ನನಗಾಗಿ ಕಾದಿತ್ತು. ನನ್ನ ಮನಸ್ಸು ಲ್ಯಾಪ್‌ಟಾಪಿನ ಮೇಲಿತ್ತು. ಅಕ್ಕ ಡೆಸ್ಕ್‌ಟಾಪ್ ಪಕ್ಷ.

"ಅದೇ ದುಡ್ಡಿಗೆ ಇದು ಜಾಸ್ತಿ ದುಡಿಯತ್ತೆ ಕಣೇ."

"ಆಧಾರ ಏನಕ್ಕ?"

"ಹದಿನಾರು ವರ್ಷದಿಂದ ಡೆಸ್ಕ್‌ಟಾಪ್ ಮುಂದೇನೇ ಕೂತಿದೀನಿ."

"ಅದು ಅನುಭವ, ಆಧಾರ ಅಲ್ಲ. ಕರೆಂಟ್ ಹೋದ್ರೆ ಏನ್ಮಾಡ್ತೀರ? ಅರ್ಧ ಆದ ರೆಂಡರ್ ಮಣ್ಣುಪಾಲು. ಲ್ಯಾಪ್‌ಟಾಪ್ ಆದ್ರೆ ಅದರ ಪಾಡಿಗೆ ನಡೀತಿರತ್ತೆ."

ಅಕ್ಕ ತುಸು ಯೋಚಿಸಿ, "ಕರೆಂಟಿನ ಮಾತು ಸರಿ" ಎಂದರು. ನಂತರ ನಕ್ಕು, "ಲಾಯರ್ರೇ, ಬಾಯಲ್ಲಿ ಎಷ್ಟು ಹೊತ್ತು ರೆಂಡರ್ ಮಾಡ್ತೀರ? ಎರಡನ್ನೂ ತಂದಿಡಿ. ಒಂದೇ ಮನೆ ಕೊಡೋಣ" ಎಂದರು.

ಮಾವನ ಮಗನಿಂದ ಹೆಚ್ಚುಕಡಿಮೆ ಅಕ್ಕನ ಡೆಸ್ಕ್‌ಟಾಪಿನಷ್ಟೇ ಬೆಲೆಯ ಲ್ಯಾಪ್‌ಟಾಪನ್ನು ಎರವಲು ತಂದೆ. ಅಕ್ಕಪಕ್ಕ ಇಟ್ಟು, ಒಂದೇ ಮನೆಯನ್ನು ಒಟ್ಟಿಗೇ ರೆಂಡರಿಗೆ ಹಾಕಿದೆವು. ಮೊದಲ ಕೆಲವು ನಿಮಿಷ ಎರಡೂ ಸಮಸಮ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ನೋಡಿದ್ರಾ? ಮುಗೀತು ವಾದ."

"ಕೂತ್ಕೊಳ್ಳೇ. ಕಡೂರು ಬಸ್ ಸ್ಟ್ಯಾಂಡಲ್ಲಿ ಎಲ್ಲಾ ಬಸ್ಸೂ ಜೋರೇ. ಬೀರೂರು ದಾಟಿದ ಮೇಲೆ, ದೂರದ ದಾರೀಲಿ ನೋಡು."

ಊಟದ ಹೊತ್ತಿಗೆ ಲ್ಯಾಪ್‌ಟಾಪಿನ ಫ್ಯಾನು ಅಳತೊಡಗಿತ್ತು. ತಳ ರೊಟ್ಟಿ ಹಂಚಿನಂತೆ ಕಾದಿತ್ತು. ಡೆಸ್ಕ್‌ಟಾಪ್ ಚಿತ್ರ ಮುಗಿಸಿ ಸುಮ್ಮನಾದಾಗ ಇದು ಇನ್ನೂ ಛಾವಣಿಯ ಹೆಂಚುಗಳಲ್ಲೇ ತೆವಳುತ್ತಿತ್ತು. ಅಕ್ಕ ಕೈಯ ಹಿಂಬದಿ ತಾಗಿಸಿ ನೋಡಿದರು. ಗೆದ್ದವರ ಮುಖ ಅದಾಗಿರಲಿಲ್ಲ.

"ಪಾಪ, ಇದಕ್ಕೆ ಗಾಳಿ ಆಡಲ್ಲ. ಕಿಟಕಿ ಇಲ್ಲದ ಕೋಣೇಲಿ ಒಲೆ ಹಚ್ಚಿದ ಹಾಗಾಗಿದೆ. ಸುಡಬಾರ್ದು ಅಂತ ಅದೇ ನಿಧಾನ ಮಾಡ್ಕೊಳ್ತಿದೆ. ಇದು ಸೋಮಾರಿ ಅಲ್ಲ ಕಣೇ, ಜಾಣ."

ನಾನು ಸೋಲೊಪ್ಪಲಿಲ್ಲ. ಮರುವಾರ ಅಂತರಘಟ್ಟೆ ಕಡೆಯ ಹಳ್ಳಿಯೊಂದಕ್ಕೆ ಸೈಟ್ ನೋಡಲು ಹೊರಟಾಗ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡೆ. "ಧೂಳಿಗೆ ಯಾಕೆ ತರ್ತೀಯ, ಪೇಪರ್ ಸಾಕು" ಎಂದು ಅಕ್ಕ ಬೇಡವೆಂದರು. ನಾನು ಕೇಳಲಿಲ್ಲ.

ಮನೆ ಕಟ್ಟಿಸುತ್ತಿದ್ದವರು ತೆಂಗಿನ ತೋಟದ ರೈತರೊಬ್ಬರು, ಅವರ ತಾಯಿಗೆ ಮಂಡಿನೋವು. ಆ ಅಜ್ಜಿ ತರೀಕೆರೆಗೆ ಬಂದವರೇ ಅಲ್ಲ. ಮಗ ಒಯ್ದು ತೋರಿಸಿದ ಪ್ಲ್ಯಾನಿಗೆಲ್ಲ "ಚೆನ್ನಾಗೈತೆ" ಎಂದು ತಲೆಯಾಡಿಸಿದ್ದರು. ಮರುದಿನವೇ ಪಾಯ ತೋಡುವುದಿತ್ತು. ಸುಣ್ಣದ ಗೆರೆ ಎಳೆದಾಗಿತ್ತು. ಅಜ್ಜಿಯನ್ನು ತೆಂಗಿನ ಮರದ ನೆರಳಿನಲ್ಲಿ ಕೂರಿಸಿ, ಪರದೆಯ ಮೇಲೆ ಮನೆಯೊಳಗೆ ನಡೆಸಿಕೊಂಡು ಹೋದೆ. ಬಾಗಿಲು, ಹಾಲ್, ಅಡುಗೆಮನೆ, ಅವರ ಕೋಣೆ, ಬಚ್ಚಲು.

"ತಡಿ ಮಗಾ, ಹಿಂದಕ್ಕೆ ಹೋಗು" ಎಂದರು ಅಜ್ಜಿ. "ನಾನು ಸ್ನಾನ ಮಾಡ್ಕಂಡು ನನ್ನ ಕೋಣೆಗೆ ಬರ್ಬೇಕಾದ್ರೆ ಈ ಹಾಲ್ ದಾಟ್ಬೇಕಾ? ನೆಂಟ್ರು ಕೂತಿರ್ತಾರಲ್ಲೇ. ಅವರ ಮುಂದೆ ಒದ್ದೆ ಸೀರೇಲಿ ಬರ್ಲಾ?"

ಮಗ ಗಾಬರಿಯಾದರು. "ಅವ್ವಾ, ಪೇಪರ್ನಾಗೆ ತೋರಿಸ್ದಾಗ ಚೆನ್ನಾಗೈತೆ ಅಂದ್ಯಲ್ಲ?"

"ಆ ಗೆರೆ ನೋಡಿ ನಂಗೇನು ಗೊತ್ತಾಗತ್ತೋ? ಎಲ್ರೂ ಕಷ್ಟಪಟ್ಟು ಬರ್ದವ್ರೆ ಅಂತ ಅಂದೆ."

ಅಕ್ಕ ಅಲ್ಲೇ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಪರದೆಯ ಮೇಲೆ ಗೋಡೆ ಸರಿಸಲು ಹೇಳಿದರು. ಬಚ್ಚಲಿನ ಬಾಗಿಲು ಅಜ್ಜಿಯ ಕೋಣೆಯೊಳಕ್ಕೇ ಬಂತು. ಅಜ್ಜಿ ಇನ್ನೊಮ್ಮೆ ಮನೆ ಸುತ್ತಿ ಬಂದು, "ಈಗ ಬತ್ತೀನಿ ಈ ಮನೆಗೆ" ಎಂದರು.

ಅಕ್ಕ ಎದ್ದುನಿಂತು, ಅಜ್ಜಿಯ ಮಗ ಮತ್ತು ಮೇಸ್ತ್ರಿ ಇಬ್ಬರಿಗೂ ಕೇಳುವಂತೆ ಹೇಳಿದರು: "ಈ ಹುಡುಗಿ ಲ್ಯಾಪ್‌ಟಾಪ್ ತರ್ತೀನಿ ಅಂದ್ಲು, ನಾನು ಬೇಡ ಅಂದಿದ್ದೆ. ನಂದೇ ತಪ್ಪು ಕಣ್ರೀ." ಅಷ್ಟೇ ಹೇಳಿ, ಸುಣ್ಣದ ಗೆರೆ ಅಳಿಸಲು ಮೇಸ್ತ್ರಿಯ ಜೊತೆ ಹೋದರು.

ನಾನು ‘ಆದರೆ’ಗಾಗಿ ಕಾದೆ. ವೇದಿಕೆಯ ಮೇಲೆ ನಾವು ಕಲಿತದ್ದೇ ಅದು: ಎದುರಾಳಿಯ ಮಾತನ್ನು ಒಪ್ಪಿದಂತೆ ಮಾಡಿ, ‘ಆದರೆ’ ಎಂದು ಬುಡ ಕತ್ತರಿಸುವುದು. ತರೀಕೆರೆ ತಲುಪುವವರೆಗೂ ಕಾದೆ. ಅಕ್ಕ ಬಸ್ಸಿನ ಕಿಟಕಿಗೆ ತಲೆಯಾನಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಸೋತವರು ಅಷ್ಟು ನಿರಾಳವಾಗಿ ನಿದ್ದೆ ಮಾಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ತಲೆಯೂ ತಣ್ಣಗಾಯಿತು. ಮೊದಲ ಬಾರಿಗೆ ಎರಡು ಯಂತ್ರಗಳಲ್ಲಿ ಯಾವುದು ಮೇಲು ಎನ್ನುವುದನ್ನು ಬಿಟ್ಟು, ನನ್ನ ಕೆಲಸ ಯಾವುದು ಎಂದು ಕೇಳಿಕೊಂಡೆ. ಸೈಟಿಗೆ ಓಡಾಡುವವರು ಅಕ್ಕ. ನಾನು ಮಾಡಹೊರಟಿದ್ದು ಕಡೂರಿನ ಕೋಣೆಯಲ್ಲಿ ಕೂತು, ನಾಲ್ಕಾರು ಇಂಜಿನಿಯರುಗಳ ಮನೆಗಳನ್ನು ದಿನವಿಡೀ ರೆಂಡರ್ ಮಾಡುವ ಕೆಲಸ. ನನ್ನ ಬಸ್ಸು ದಿನಾ ಬೀರೂರು ದಾಟಲೇಬೇಕು.

ಅಕ್ಕ ತಮ್ಮ ಓಡಾಟಕ್ಕೊಂದು ಲ್ಯಾಪ್‌ಟಾಪ್ ಕೊಂಡರು. ನಾನು ಡೆಸ್ಕ್‌ಟಾಪ್ ಕೊಂಡೆ. ಈಗಲೂ ನನ್ನ ಅನ್ನ ಬೇಯುವುದು ಅದರ ಬಿಸಿಯಲ್ಲೇ.

ಅದು ಮನೆಗೆ ಬಂದ ದಿನ ಅಕ್ಕನಿಗೆ ಫೋನ್ ಮಾಡಿದೆ. ‘ನಾನು ಹೇಳಿರಲಿಲ್ವಾ’ ಎನ್ನುವ ಮಾತು ಬಂದೇ ಬರುತ್ತದೆಂದು ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ.

"ಅಕ್ಕಾ, ಡೆಸ್ಕ್‌ಟಾಪೇ ತಗೊಂಡೆ."

"ಒಳ್ಳೇದಾಯ್ತು ಕಣೇ. ಯುಪಿಎಸ್ ತಗೊಂಡ್ಯಾ?"

"ಇಲ್ಲ."

"ಇವತ್ತೇ ತಗೋ. ಕರೆಂಟಿನ ಮಾತು ನೀನೇ ಹೇಳಿದ್ದಲ್ವಾ."