ಭಾವನ ಹಿತ್ತಿಲ ಗೋಡೆ

ನನ್ನ ಭಾವ ಬೇರೆಯವರ ಮನೆಯ ಹೊರಗೋಡೆ ನೋಡಿಕೊಂಡೇ ಅರ್ಧ ಆಯುಷ್ಯ ಕಳೆದ ಮನುಷ್ಯ. ಸಮುದ್ರಕ್ಕೆ ಕೂಗಳತೆಯ ದೂರದಲ್ಲಿರುವ ಊರು ನಮ್ಮದು. ಗಾಳಿಯಲ್ಲಿ ಉಪ್ಪು, ಆಕಾಶದಲ್ಲಿ ನೀರು. ಇಲ್ಲಿ ಗೋಡೆಗೊಂದು ಕಬ್ಬಿಣದ ಮೊಳೆ ಹೊಡೆದರೆ ಮುಂದಿನ ಮಳೆಗಾಲಕ್ಕೆ ಮೊಳೆ ಇರುವುದಿಲ್ಲ, ಅದರ ಕಲೆ ಮಾತ್ರ ಇರುತ್ತದೆ. ಹಾಗಾಗಿ ಮನೆ ಕಟ್ಟುವವರೆಲ್ಲ ಹೊರಮೈಗೆ ತಗಡು ಹಾಕಿಸುವುದೋ, ಹಲಗೆಯೋ, ಸಿಮೆಂಟ್ ಬೋರ್ಡೋ ಎಂದು ಕೇಳಲು ಭಾವನ ಅಂಗಡಿಗೆ ಬರುತ್ತಾರೆ. ಊರಿನ ಬಾಯಲ್ಲಿ ಅವರು ‘ಗೋಡೆ ಡಾಕ್ಟರ್’. ಡಾಕ್ಟರ ಹಾಗೆಯೇ ಗೋಡೆಯನ್ನು ಬೆರಳಲ್ಲಿ ತಟ್ಟಿ, ಕಿವಿಯಿಟ್ಟು ಕೇಳಿ, ಕೊನೆಗೆ ಅದಕ್ಕೆ ಬೆರಳು ಒರೆಸಿ ನೆಕ್ಕಿ ನೋಡುತ್ತಾರೆ, ಉಪ್ಪು ಎಷ್ಟು ಹಿಡಿದಿದೆ ಅಂತ. ಮದುವೆಯಾದ ಹೊಸತರಲ್ಲಿ ನಮ್ಮಮ್ಮನ ಮನೆಗೆ ಬಂದವರು ಹೊಸ್ತಿಲು ದಾಟುವ ಮೊದಲೇ ಈ ಕೆಲಸ ಮಾಡಿದ್ದರು. ಅಮ್ಮ ಗಾಬರಿಯಿಂದ ಒಳಗೆ ಬಂದು ಅಕ್ಕನಿಗೆ, “ನಿನ್ನ ಗಂಡನಿಗೆ ಹಸಿವಾಗಿದೆ ಅನ್ಸುತ್ತೆ, ಬೇಗ ತಟ್ಟೆ ಹಾಕೇ” ಎಂದಿದ್ದಳು.

ಮನೆಗೆ ಮಾರಿ, ಊರಿಗೆ ಉಪಕಾರಿ ಅನ್ನುವ ಗಾದೆಯನ್ನು ನಮ್ಮ ಭಾವನನ್ನು ನೋಡಿಯೇ ಮಾಡಿರಬೇಕು. ಕಂಪನಿಯವರ ಬಣ್ಣದ ಪುಸ್ತಕ ಅವರು ನಂಬುವುದಿಲ್ಲ. “ಗೋಡೆ ಮಳೆಲಿ ನಿಂತು ತೋರಿಸ್ಬೇಕು” ಅನ್ನುತ್ತಾರೆ. ಆ ತೋರಿಸುವ ಕೆಲಸಕ್ಕೆ ಸಿಕ್ಕಿದ್ದು ಸ್ವಂತ ಮನೆ. ಎದುರಿನ ಗೋಡೆಗೆ ಮರದ ಹಲಗೆ, ಎಡಕ್ಕೆ ನೀಲಿ ತಗಡು, ಬಲಕ್ಕೆ ಅರ್ಧ ಟೈಲ್ಸು, ಅರ್ಧ ಪ್ಲಾಸ್ಟಿಕ್ ಪಟ್ಟಿ, ಹಿತ್ತಿಲಿಗೆ ಹಳದಿ ಸಿಮೆಂಟ್ ಬೋರ್ಡು. ಒಂದು ಕಿಟಕಿಯ ಹಾಗೆ ಇನ್ನೊಂದಿಲ್ಲ. ಬೀದಿಯ ಮಕ್ಕಳು ಅದನ್ನು ತೇಪೆ ಮನೆ ಎಂದು ಕರೆಯುತ್ತಿದ್ದವು. ಅಂಚೆಯವನೂ ಹಾಗೇ ಅನ್ನತೊಡಗಿದ ದಿನ ಅಕ್ಕ ಊಟ ಬಿಟ್ಟಿದ್ದಳು.

ರಜೆಯ ದಿನ ಗಿರಾಕಿಗಳು ಬಂದು ಮನೆಯ ಸುತ್ತ ತಿರುಗುತ್ತಿದ್ದರು. ಅಕ್ಕ ಮಧ್ಯಾಹ್ನ ಕಣ್ಣು ಮುಚ್ಚಿದರೆ ತಲೆಯ ಹಿಂದೆಯೇ ಯಾರೋ ಕೀಲಿಕೈಯಿಂದ ಗೋಡೆ ಕೆರೆಯುವ ಸದ್ದು. ಅದನ್ನೂ ಸಹಿಸಿದಳು. ಆದರೆ ಒಂದು ದಿನ ಅವಳು ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದಾಗ ಹೊರಗಿನಿಂದ ಭಾವನ ದನಿ ಬಂತು.

“ಇನ್ನೊಂದೆರಡು ಚೊಂಬು ಬಿಸಿನೀರು ಜಾಸ್ತಿ ಸುರ್ಕೊಳ್ಳೇ. ಒಳಗೆ ಹಬೆಯಾದ್ರೆ ಹೊರಗೆ ಗೋಡೆ ಬೆವರುತ್ತಾ ಅಂತ ಇವ್ರು ನೋಡ್ಬೇಕಂತೆ.”

ಸಂಜೆಗೆ ಅಕ್ಕ ಎರಡು ಚೀಲ ಹಿಡಿದು ನನ್ನ ಮನೆಯ ಬಾಗಿಲಲ್ಲಿದ್ದಳು. ಭಾವನಿಗೆ ಒಂದೇ ಮಾತು ಹೇಳಿ ಬಂದಿದ್ದಳಂತೆ: ನಾಲ್ಕು ಗೋಡೆಗೂ ಒಂದೇ ಸಾಮಾನು, ಒಂದೇ ಬಣ್ಣ. ಅದಾಗುವ ತನಕ ಆ ಮನೆಗೆ ಕಾಲಿಡುವುದಿಲ್ಲ.

ನನ್ನದು ಎರಡೇ ಕೋಣೆಯ ಬಾಡಿಗೆ ಮನೆ, ಅದರಲ್ಲೊಂದು ಕೋಣೆ ಹೊಲಿಗೆ ಮೆಷಿನ್ನಿನದು. ನನ್ನ ಗಂಡ ಹಾಸಿಗೆ ಸುತ್ತಿಕೊಂಡು ಮೆಷಿನ್ನಿನ ಕಾಲ ಬುಡಕ್ಕೆ ಹೋದರು. ಭಾವ ದಿನಾ ರಾತ್ರಿ ಊಟಕ್ಕೆ ಬರತೊಡಗಿದರು, ಕಂಕುಳಲ್ಲಿ ಒಂದೊಂದು ದಿನ ಒಂದೊಂದು ತುಂಡು ಬೋರ್ಡು. ಊರಿಗೆಲ್ಲ ಅರ್ಧ ಗಂಟೆಯಲ್ಲಿ ತೀರ್ಪು ಕೊಡುವ ಮನುಷ್ಯ ತನ್ನ ಮನೆಗೆ ಬಂದಾಗ ಅಳೆದೂ ಸುರಿದೂ ಒದ್ದಾಡಿದರು. ಹಲಗೆ ಉಬ್ಬುತ್ತದೆ, ತಗಡಿನ ಅಂಚು ಕೊರೆಯುತ್ತದೆ, ಟೈಲ್ಸಿನ ಹಿಂದೆ ನೀರು ಕೂರುತ್ತದೆ. ಅಕ್ಕ ಮಾತಾಡದೆ ಬಡಿಸುತ್ತಿದ್ದಳು. ಅವಳು ಮಾತಾಡದಿದ್ದರೆ ಸಾರಿಗೆ ಉಪ್ಪು ಕೇಳುವ ಧೈರ್ಯವೂ ನಮಗಿರಲಿಲ್ಲ.

ಕೊನೆಗೊಂದು ದಿನ ಭಾವ ಎದೆಯುಬ್ಬಿಸಿಕೊಂಡು ಬಂದರು.

“ಹಿತ್ತಿಲ ಗೋಡೆ! ಸಮುದ್ರದ ಗಾಳಿ ನೇರ ಹೊಡಿಯೋದೇ ಅದಕ್ಕೆ. ಆದ್ರೂ ನಿನ್ನೆ ಹಾಕಿಸಿದ ಹಾಗಿದೆ. ಒಂದು ಕಲೆ ಇಲ್ಲ, ಪಾಚಿ ಇಲ್ಲ. ಎಷ್ಟು ಜನಕ್ಕೆ ಅದನ್ನೇ ತೋರಿಸಿ ಹಾಕಿಸಿದೀನಿ. ಕೈಯಲ್ಲೇ ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ನಂದು. ಮಳೆ ನಿಲ್ಲಲಿ, ನಾಲ್ಕೂ ಕಡೆ ಅದೇ ಹಳದಿ ಬೋರ್ಡು.”

“ಮಳೆ ನಿಂತ ಮೇಲೆ ನೋಡೋಣ” ಎಂದಳು ಅಕ್ಕ. ಮಳೆ ಏನು ಅವಳಪ್ಪನ ಮನೆಯ ಆಳೇ? ಅದು ತನಗೆ ಬೇಕಾದಷ್ಟು ದಿನ ಸುರಿಯಿತು. ನನ್ನ ಗಂಡನ ಸೊಂಟ ಹಿಡಿದುಕೊಂಡಿತು.

ಅಂತೂ ಬಿಸಿಲು ಬಿತ್ತು. ಭಾವ ಮೇಸ್ತ್ರಿಯನ್ನು ಕರೆದುಕೊಂಡು, ನನ್ನನ್ನೂ ಸಾಕ್ಷಿಗೆ ಎಳೆದುಕೊಂಡು ಮನೆಗೆ ಹೋದರು. ಅಕ್ಕ ಹೋದಮೇಲೆ ಭಾವನ ಬಟ್ಟೆಯೆಲ್ಲ ಲಾಂಡ್ರಿಗೆ ಹೋಗುತ್ತಿದ್ದುದರಿಂದ, ಮಳೆಗೆ ಗಿರಾಕಿಗಳೂ ಬಾರದ್ದರಿಂದ ಹಿತ್ತಿಲಿಗೆ ಹೋಗುವ ಕೆಲಸವೇ ಬಿದ್ದಿರಲಿಲ್ಲ. ಗೋಡೆ ಡಾಕ್ಟರ ಮನೆಯ ಹಿತ್ತಿಲ ಬಾಗಿಲು ಮಳೆಗೆ ಉಬ್ಬಿ ತೆರೆಯಲೂ ಇಲ್ಲ. ಸುತ್ತು ಹಾಕಿಕೊಂಡು ಹೋದೆವು. ಭಾವ ಮುಂದೆ ನಡೆಯುತ್ತಾ, ಹಿಂದೆ ತಿರುಗಿ, “ನೋಡು, ನಾಲ್ಕು ಗೋಡೆನೂ ಕರೆಕ್ಟಾಗಿ ಹಿಂಗೇ ಬರ್ಬೇಕು” ಎಂದು ಕೈ ತೋರಿಸಿದರು.

ಮೇಸ್ತ್ರಿ ಗೋಡೆ ನೋಡಿದ. ಬುಡದಿಂದ ಸೊಂಟದವರೆಗೆ ಹಸಿರು ಪಾಚಿ. ಸೂರಿನ ಕೆಳಗೆ, ಮಳೆಹನಿ ತಾಗದ ಕಡೆ, ಉಪ್ಪಿನ ಬಿಳಿ ಹುಡಿ. ಪ್ರತಿ ಸ್ಕ್ರೂವಿನ ಕೆಳಗೂ ತುಕ್ಕಿನ ಕಣ್ಣೀರು.

“ಹಿಂಗೇ ಬರ್ಬೇಕಾ ಅಣ್ಣ?” ಎಂದು ಪಾಪ, ವಿನಯದಿಂದಲೇ ಕೇಳಿದ.

ಭಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. ತಟ್ಟಿದರು, ಒರೆಸಿದರು, ನೆಕ್ಕಿದರು, ಉಗುಳಿದರು. ಅಲ್ಲಿಂದ ನನ್ನ ಮನೆಗೆ ಹೆಚ್ಚುಕಡಿಮೆ ಓಡಿಯೇ ಬಂದು, “ಹಿತ್ತಿಲ ಗೋಡೆಗೆ ಏನೋ ಆಗ್ಬಿಟ್ಟಿದೆ ಕಣೇ” ಎಂದು ಅಕ್ಕನ ಮುಂದೆ ಕುಸಿದರು.

ಅಕ್ಕ ವಿವರವೆಲ್ಲ ಕೇಳಿ, “ಯಾರೂ ತೊಳೀಲಿಲ್ಲ ಅಲ್ವಾ, ಇನ್ನೇನಾಗುತ್ತೆ?” ಎಂದಳು.

“ತೊಳೆಯೋದಾ? ಏನು ತೊಳೆಯೋದು?”

“ಗೋಡೆ ಕಣ್ರೀ. ಒಗೆಯೋ ಕಲ್ಲು ಅಲ್ಲೇ ಇರೋದು. ಗಲೀಜು ಗೋಡೆ ಎದುರಿಗಿಟ್ಕೊಂಡು ಬಟ್ಟೆ ಒಗೆಯೋಕೆ ನನ್ನ ಕೈಲಾಗಲ್ಲ. ಮಿಕ್ಕ ನೀರು ಎರಚಿ ಬ್ರಷ್ಷಲ್ಲಿ ತಿಕ್ತಿದ್ದೆ.”

“ಇಷ್ಟು ವರ್ಷ? ನನಗೊಂದು ಮಾತು ಹೇಳಿಲ್ಲ?”

“ಪಾತ್ರೆ ತೊಳೆದೆ ಅಂತ ದಿನಾ ಬಂದು ಹೇಳ್ತೀನಾ?”

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗು ಮುಗಿದ ಮೇಲೆ ಭಾವನನ್ನು ನೋಡಿದರೆ ನಿಜಕ್ಕೂ ಸಂಕಟವಾಯಿತು. ಯಾರಿಗೂ ಸುಳ್ಳು ಹೇಳದ ಮನುಷ್ಯ. “ಒಮ್ಮೆ ಹಾಕಿಸಿ, ಆಮೇಲೆ ಮರೆತುಬಿಡಿ” ಎಂದು ಮನೆಮನೆಗೆ ಮಾತು ಕೊಟ್ಟಿದ್ದರು. ತಪ್ಪು ಒಪ್ಪಿಕೊಳ್ಳಲು ಮಾರನೆಯ ದಿನವೇ ಹೊರಟರು. ನಾನೂ ಬಿಡಲಿಲ್ಲ, ಜೊತೆಗೆ ಹೋದೆ.

ಮೊದಲ ಮನೆಯ ಯಜಮಾನ, “ಅಯ್ಯೋ, ಎಂಥಾ ಬೋರ್ಡು ಡಾಕ್ಟ್ರೇ, ಹೊಳೀತಾ ಇದೆ!” ಎಂದು ಕೈ ಕುಲುಕಿದ. ಅವನು ಹಾಗೆನ್ನುತ್ತಿದ್ದಾಗಲೇ ಮನೆಯ ಹಿಂದಿನಿಂದ ಬ್ರಷ್ಷಿನ ಸದ್ದು ಬರುತ್ತಿತ್ತು. ಎರಡನೆಯ ಮನೆಯಲ್ಲೂ ಅದೇ ಹೊಗಳಿಕೆ. ಅಲ್ಲಿ ತಿಕ್ಕುತ್ತಿದ್ದುದು ಯಜಮಾನನ ಅಮ್ಮ. ಎಲ್ಲಿ ಹೋದರೂ ಗಂಡಸರು ಬೋರ್ಡನ್ನು ಹೊಗಳುವವರೇ, ಹೆಂಗಸರು ಒದ್ದೆ ಕೈಯವರೇ. ಗೋಡೆ ಪೂರ್ತಿ ಹಾಳಾಗಿದ್ದು ಒಂಟಿಯಾಗಿದ್ದ ನಿವೃತ್ತ ಗುಮಾಸ್ತರ ಮನೆಯದೊಂದೇ. ಅವರು, “ನನ್ನ ಹಣೆಬರಹ ಬಿಡಿ, ನಿಮ್ಮ ಬೋರ್ಡಿನ ತಪ್ಪೇನಿಲ್ಲ” ಎಂದು ಭಾವನಿಗೇ ಸಮಾಧಾನ ಹೇಳಿದರು.

ಭಾವ ಅಲ್ಲಿಂದ ಸೀದಾ ತಿರುಗಿದರು. ನನ್ನ ಮನೆಗೆ ಬಂದು, ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು, ಅಕ್ಕನನ್ನು ಕೇಳಿದರು: “ನಿನಗೇನು ಇಷ್ಟ ಹೇಳು. ಅದನ್ನೇ ಹಾಕಿಸೋಣ.”

ಊರಲ್ಲಿ ಅವರು ಈ ಪ್ರಶ್ನೆ ಕೇಳದ ಮನೆಯಿರಲಿಲ್ಲ, ಒಂದರ ಹೊರತು. ಅಕ್ಕನ ಕೈಯಲ್ಲಿದ್ದ ಸೌಟು ನಿಂತಿತು.

“ಸುಣ್ಣ” ಎಂದಳು. “ಆ ತಗಡು ಹಲಗೆ ಎಲ್ಲ ಕಿತ್ತು ಬಿಸಾಕಿ, ಗಾರೆ ಮೆತ್ತಿ ಬಿಳಿ ಸುಣ್ಣ ಬಳೀರಿ.”

“ಸುಣ್ಣವಾ!” ಭಾವನೊಳಗಿನ ಡಾಕ್ಟರು ಎದ್ದು ಕೂತರು. “ಅದು ಬಾಳಿಕೆ ಬರಲ್ಲ ಕಣೇ. ಪ್ರತಿ ಮಳೆಗಾಲ ಮುಗಿದ ಮೇಲೂ ಬಳೀಬೇಕು.”

“ಬಳೀರಿ. ವರ್ಷಕ್ಕೊಂದು ಸಲನಾದ್ರೂ ನೀವು ಈ ಮನೆ ಕಡೆ ತಿರುಗಿ ನೋಡ್ತೀರಲ್ಲ, ನನಗಷ್ಟು ಸಾಕು.”

ಭಾವ ಚಪ್ಪಲಿ ಕಳಚಿ ಒಳಗೆ ಬಂದರು. ನಮ್ಮ ಗೋಡೆಯನ್ನು ಅಂದು ತಟ್ಟಲಿಲ್ಲ. ಸುಣ್ಣ ಒಣಗುತ್ತಲೇ ಅಕ್ಕ ಹೊರಟಳು, ನನ್ನ ಗಂಡ ಅವಳ ಎರಡೂ ಚೀಲಗಳನ್ನು ತಾವೇ ಹೊತ್ತು ಮುಂದೆ ನಡೆದರು.

ಈ ಸಲದ ಮಳೆಗಾಲವೂ ಮುಗಿದು, ಹೋದ ವಾರ ಆ ಕಡೆ ಹೋಗಿದ್ದೆ. ಭಾವ ಏಣಿಯ ಮೇಲಿದ್ದರು, ಮೀಸೆಗೂ ಹುಬ್ಬಿಗೂ ಸುಣ್ಣ. ಕೆಳಗೆ ಯಾರೋ ಹೊಸ ಗಿರಾಕಿ ತಲೆಯೆತ್ತಿ, “ಸಾರ್, ಈ ಹವೆಗೆ ಯಾವುದು ಬಾಳಿಕೆ ಬರುತ್ತೆ?” ಎಂದು ಕೇಳುತ್ತಿದ್ದ. ಅಕ್ಕ ಏಣಿ ಹಿಡಿದುಕೊಂಡು ಮೇಲೆ ನೋಡಿದಳು.

“ನಾಳೆ ಅಂಗಡಿಗೆ ಬನ್ನಿ, ಹೇಳ್ತೀನಿ” ಎಂದರು ಭಾವ. “ಈಗ ನಾನು ಮನೇಲಿದೀನಿ.”